ಐದು ಮಿಲಿಮೀಟರ್

ನಮ್ಮ ಕಣ್ಣಾಸ್ಪತ್ರೆಯಲ್ಲಿ ಒಂದು ಉದ್ದನೆಯ ಬೆಂಚಿದೆ. ಬೆಳಗ್ಗೆ ಒಂಬತ್ತರಿಂದ ಅದರ ಮೇಲೆ ಹತ್ತು ಹನ್ನೆರಡು ಜನ ಕಣ್ಣು ಮುಚ್ಚಿಕೊಂಡು ಸಾಲಾಗಿ ಕೂತಿರುತ್ತಾರೆ. ಅವರ ಕಣ್ಣಿಗೆ ಹನಿ ಹಾಕುವವಳು ನಾನು. ಕಣ್ಣಿನ ನಡುವೆ ಕಪ್ಪಗೆ ಇರುತ್ತದಲ್ಲ, ಪಾಪೆ, ಅದು ಹಿಗ್ಗಿದರೆ ಮಾತ್ರ ಡಾಕ್ಟರಿಗೆ ಒಳಗಿನದು ಕಾಣುವುದು. ಕೆಳರೆಪ್ಪೆ ಎಳೆದು ಒಂದು ಹನಿ ಬಿಡುವುದು, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದು ನಿಮಿಷ ಒತ್ತುವುದು, ಹತ್ತು ನಿಮಿಷ ಬಿಟ್ಟು ಇನ್ನೊಂದು ಹನಿ. ಮೂರನೆಯದಾದ ಮೇಲೆ ಟಾರ್ಚ್ ಬಿಟ್ಟು ನೋಡುತ್ತೇನೆ. ಬೆಳಕಿಗೂ ಪಾಪೆ ಕುಗ್ಗದಿದ್ದರೆ "ಆಯ್ತು, ಒಳಗೆ ಹೋಗಿ" ಎನ್ನುತ್ತೇನೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಹನಿಯಕ್ಕ ಎನ್ನುತ್ತಾರೆ, ನನಗಿಂತ ದೊಡ್ಡವರೂ.

ಪಾಪೆ ಅಳೆಯಲು ಒಂದು ಕಾರ್ಡ್ ಕೊಟ್ಟಿದ್ದಾರೆ. ಎರಡು ಮಿಲಿಮೀಟರಿನಿಂದ ಒಂಬತ್ತರವರೆಗೆ ಕಪ್ಪು ಬೊಟ್ಟುಗಳನ್ನು ಸಾಲಾಗಿ ಅಚ್ಚು ಹಾಕಿದ ಕಾರ್ಡ್. ನನಗೆ ಅದು ಬೇಕಾಗುವುದಿಲ್ಲ. ನೋಡಿದ ಕೂಡಲೇ ಹೇಳುತ್ತೇನೆ, ಅರ್ಧ ಮಿಲಿಮೀಟರ್ ಕೂಡ ಆಚೀಚೆ ಆಗುವುದಿಲ್ಲ. ಬೇರೆ ಯಾವುದರಲ್ಲೂ ನಾನು ಇಷ್ಟು ಗಟ್ಟಿಗಿತ್ತಿಯಲ್ಲ.

ಹನಿ ಹಾಕಿದ ಮೇಲೆ ಹೇಳಲೇಬೇಕಾದ ಮಾತೊಂದಿದೆ. "ನಾಲ್ಕೈದು ಗಂಟೆ ಹತ್ತಿರದ್ದು ಮಬ್ಬುಮಬ್ಬಾಗಿ ಕಾಣುತ್ತೆ. ಓದೋದು, ಫೋನ್ ನೋಡೋದು ಮಾಡ್ಬೇಡಿ." ದಿನಕ್ಕೆ ನಲವತ್ತು ಸಲ ಹೇಳುತ್ತೇನೆ. ನಲವತ್ತರಲ್ಲಿ ಹತ್ತು ಜನ ಅಲ್ಲೇ ಫೋನ್ ತೆಗೆದು ನೋಡಿ, ಫೋನ್ ಕೆಟ್ಟುಹೋಯಿತು ಎಂದು ನನ್ನ ಮೇಲೆಯೇ ಹರಿಹಾಯುತ್ತಾರೆ. ಒಬ್ಬ ಅಜ್ಜ ಮಾತ್ರ ನನ್ನ ಮುಖದ ಹತ್ತಿರ ಬಗ್ಗಿ, "ಈಗ ನೀನು ಬಹಳ ಚೆನ್ನಾಗಿ ಕಾಣ್ತಿದ್ದೀಯಮ್ಮ" ಎಂದಿದ್ದ. "ಅಂದ್ರೆ ಏನೂ ಕಾಣ್ತಿಲ್ಲ ಅಂತ, ಅಜ್ಜ" ಎಂದೆ. ಬೆಂಚಿಗೆ ಬೆಂಚೇ ಕಣ್ಣು ಮುಚ್ಚಿಕೊಂಡು ನಕ್ಕಿತು.

ಅದು ನನ್ನ ಹೆರಿಗೆಗೆ ಮೊದಲಿನ ಮಾತು. ಆಗ ನನಗೂ ನಗು ಬರುತ್ತಿತ್ತು.

ಮಗು ಹುಟ್ಟಿದ ದಿನ ನರ್ಸ್ ಅದನ್ನು ಒರೆಸಿ ತಂದು ನನ್ನ ಎದೆಯ ಮೇಲೆ ಮಲಗಿಸಿದಳು, ಮಲಗಿಸಿ ನನ್ನ ಮುಖ ನೋಡುತ್ತ ನಿಂತಳು. ನಾನು ಏನಾದರೂ ಹೇಳಬೇಕಿತ್ತು, ಇಲ್ಲವೇ ಅಳಬೇಕಿತ್ತು. "ಗಂಟೆ ಎಷ್ಟು?" ಎಂದೆ. ಅವಳು ಗೋಡೆಯ ಗಡಿಯಾರ ನೋಡಿ ಹೇಳಿದಳು. ಸುಸ್ತಾಗಿದೆ, ಸರಿಹೋಗುತ್ತದೆ ಎಂದುಕೊಂಡೆ. ಒಂದು ವಾರ ಕಳೆಯಿತು, ಒಂದು ತಿಂಗಳು ಕಳೆಯಿತು, ಮೂರು ತಿಂಗಳು ಕಳೆಯಿತು. ದುಃಖವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ತುಟಿ ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗಿರುತ್ತದೆ. ನನಗೆ ಮೈಯೆಲ್ಲ ಹಾಗಾಗಿತ್ತು.

ಕೆಲಸದಲ್ಲಿ ಮಾತ್ರ ಕೊರತೆ ಮಾಡಲಿಲ್ಲ. ಎರಡನೇ ತಿಂಗಳಿಗೇ ನನ್ನ ಹಾಲು ನಿಂತುಹೋಗಿತ್ತು. ಬಾಟಲಿ ಕುದಿಸುವುದು, ಪುಡಿ ಅಳೆದು ಕದಡುವುದು, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟು ಬಿಸಿ ನೋಡುವುದು, ಬೆನ್ನು ತಟ್ಟಿ ತೇಗಿಸುವುದು, ಬಟ್ಟೆ ಬದಲಿಸುವುದು, ಎಲ್ಲ ಹೊತ್ತುಹೊತ್ತಿಗೆ ಆಗುತ್ತಿತ್ತು. ನೋಡಿದವರು ಎಷ್ಟು ಅಚ್ಚುಕಟ್ಟು ಎಂದು ಹೊಗಳುತ್ತಿದ್ದರು. ಅಚ್ಚುಕಟ್ಟೇ ಸರಿ. ಮಗುವನ್ನು ನಮ್ಮ ಬೆಂಚಿನ ಹದಿಮೂರನೆಯವಳು ಎಂದುಕೊಂಡರೆ ಏನೂ ಕಷ್ಟವಿಲ್ಲ.

ಮನೆಯಲ್ಲಿ ನಾವು ನಾಲ್ಕು ಜನ. ಇವರು, ಅಂದರೆ ನನ್ನ ಗಂಡ, ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಾರೆ. ಅತ್ತೆ ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರ್ ಆದವರು. ದನಿ ಇನ್ನೂ ಬಸ್ಸಿನದೇ. ಅಡುಗೆಮನೆಯಿಂದ ಕರೆದರೆ ಕೆಳಗೆ ಬೀದಿಯಲ್ಲಿ ಹೋಗುವವರು ನಿಂತು ನೋಡಬೇಕು. ಮಗು ಹುಟ್ಟಿದಾಗಿನಿಂದ ಕೈ ಬಿಗಿಹಿಡಿದುಕೊಂಡೇ ಇರುತ್ತದೆಂದು ಅವರೇ ಅದಕ್ಕೆ ಮುಷ್ಟಿ ಎಂದು ಅಡ್ಡಹೆಸರಿಟ್ಟರು. "ಮುಷ್ಟಿ, ಮುಂದೆ ಬಾ, ಮುಂದೆ ಜಾಗ ಇದೆ!" ಎಂದು ಅವರು ಕೂಗಿದರೆ ಸಾಕು, ಮಗು ಕೈಕಾಲು ಬಡಿದು ಕೇಕೆ ಹಾಕುತ್ತಿತ್ತು.

ಮುಷ್ಟಿ ಎಲ್ಲರನ್ನೂ ನೋಡುತ್ತಿತ್ತು. ಅಜ್ಜಿಯನ್ನು, ಅಪ್ಪನನ್ನು, ತಿರುಗುವ ಫ್ಯಾನನ್ನು, ಕಿಟಕಿಯ ಹಸಿರು ಪರದೆಯನ್ನು. ನನ್ನನ್ನು ನೋಡುತ್ತಿರಲಿಲ್ಲ. ತೊಡೆಯ ಮೇಲೆ ಹಾಕಿಕೊಂಡು ಬಾಟಲಿ ಹಿಡಿದರೆ ಕಣ್ಣು ಒಮ್ಮೆ ನನ್ನ ಮುಖಕ್ಕೆ ಬರುತ್ತಿತ್ತು, ಗೋಡೆ ಸಿಕ್ಕಿದ ಹಾಗೆ ಪಕ್ಕಕ್ಕೆ ಸರಿದು ಪರದೆಯ ಮೇಲೆ ಹೋಗಿ ನಿಲ್ಲುತ್ತಿತ್ತು. ಹಾಲು ಮುಗಿಯುವವರೆಗೂ ಪರದೆಯೇ. ನನಗೆ ಮಗುವಿನ ಮೇಲೆ ಏನೂ ಅನ್ನಿಸುತ್ತಿಲ್ಲ ಎನ್ನುವುದನ್ನು ಮುಚ್ಚಿಡಬಹುದಿತ್ತು, ಮುಚ್ಚಿಟ್ಟೂ ಇದ್ದೆ. ಆದರೆ ಮಗು ನನ್ನನ್ನು ತಾಯಿಯೆಂದು ಹಿಡಿಯದೇ ಹೋದರೆ ಅದನ್ನು ಮುಚ್ಚಿಡಲು ಆಗುತ್ತದೆಯೇ? ಇನ್ನು ನಾಲ್ಕು ತಿಂಗಳಿಗೆ ತೆವಳುತ್ತದೆ, ಕೈ ಚಾಚುತ್ತದೆ. ಯಾರ ಕಡೆಗೆ ಚಾಚುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಅದು ನನ್ನನ್ನು ನೋಡಬೇಕು. ನನಗೆ ಬೇಕಿದ್ದದ್ದು ಅದೊಂದೇ. ನನ್ನೊಳಗಿನದು ಏನಾದರೂ ಆಗಲಿ, ಅದು ಆಮೇಲಿನ ಮಾತು.

ಐದನೇ ತಿಂಗಳಿಗೆ ಕೆಲಸಕ್ಕೆ ಮರಳಿದೆ. ಒಂದು ಮಧ್ಯಾಹ್ನ ಬೆಂಚು ಖಾಲಿಯಿತ್ತು. ನಮ್ಮ ದೊಡ್ಡ ಡಾಕ್ಟರು ಟೀ ಲೋಟ ಹಿಡಿದು ಬಂದು ಬೆಂಚಿನ ತುದಿಯಲ್ಲಿ ಕೂತರು. ಅವರಿಗೆ ಓದಿದ್ದನ್ನೆಲ್ಲ ಯಾರಿಗಾದರೂ ಹೇಳದಿದ್ದರೆ ಟೀ ಇಳಿಯುವುದಿಲ್ಲ.

"ಹನಿಯಕ್ಕ, ಇಷ್ಟು ವರ್ಷದಿಂದ ಜನರ ಪಾಪೆ ಹಿಗ್ಗಿಸ್ತಾ ಇದ್ದೀಯ. ಹನಿ ಹಾಕದೆ ಹಿಗ್ಗೋದು ಯಾವಾಗ ಹೇಳು ನೋಡೋಣ?"

"ಕತ್ತಲೇಲಿ, ಮೇಡಂ."

"ಬೆಳಕಲ್ಲಿ?"

ಉತ್ತರವನ್ನೂ ಅವರೇ ಹೇಳಿದರು.

"ಮನಸ್ಸಿಗೆ ಏನಾದ್ರೂ ತಟ್ಟಿದಾಗ. ಅದಕ್ಕಿಂತ ತಮಾಷೆ ಏನು ಗೊತ್ತಾ? ಎದುರಿಗಿರೋರ ಪಾಪೆ ಹಿಗ್ಗಿದ್ರೆ ನೋಡ್ತಾ ಇರೋರದ್ದೂ ಹಿಗ್ಗುತ್ತೆ. ಅವರಿಗೇ ಗೊತ್ತಾಗಲ್ಲ. ಆರು ತಿಂಗಳು ತುಂಬದ ಮಕ್ಕಳಲ್ಲೂ ನೋಡಿದ್ದಾರಂತೆ. ತಾಯಿದು ನೋಡಿ ಮಗೂದು, ಮಗೂದು ನೋಡಿ ತಾಯಿದು. ಯಾರದ್ದು ಮೊದಲು ಅಂತ ಹೇಳೋಕೇ ಬರಲ್ಲ."

ಲೋಟ ನನ್ನ ಕೈಗೆ ಕೊಟ್ಟು ಅವರು ಒಳಗೆ ಹೋದರು.

ಆ ಭಾನುವಾರ ಬೆಳಗ್ಗೆ ಅಳೆದೆ. ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದು, ಮೊದಲು ಅತ್ತೆಯನ್ನು ಮಗುವಿನ ಜೊತೆ ಕೂರಿಸಿದೆ. ಅವರು "ಟಿಕೆಟ್, ಟಿಕೆಟ್" ಎನ್ನುತ್ತ ಮುಖ ಹತ್ತಿರ ತಂದರು. ಮಗುವಿನ ಪಾಪೆ ನಾಲ್ಕು ಇದ್ದದ್ದು ಐದಕ್ಕೆ ಬಂತು. ಆಮೇಲೆ ಇವರನ್ನು ಕೂರಿಸಿದೆ. ಆಗಲೂ ಐದು. ಆಮೇಲೆ ಅದೇ ಕುರ್ಚಿಯಲ್ಲಿ, ಅದೇ ಬೆಳಕಿನಲ್ಲಿ ನಾನು ಕೂತೆ. ನಾಲ್ಕು. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಮಗು ಪರದೆಯ ಕಡೆ ತಿರುಗಿತು.

ಎದ್ದು ಹೋಗಿ ಕನ್ನಡಿ ನೋಡಿಕೊಂಡೆ. ನನ್ನದು ಮೂರು. ಗುಂಡುಸೂಜಿಯ ತಲೆಯ ಹಾಗೆ ಎರಡು ಚುಕ್ಕೆ. ಅದನ್ನು ನೋಡಿ ನನಗೆ ಸಂಕಟವಾಗಲಿಲ್ಲ, ಒಂದು ತರಹ ನೆಮ್ಮದಿಯೇ ಆಯಿತು. ಇಷ್ಟೇ ತಾನೇ? ಇದು ನನಗೆ ಗೊತ್ತಿರುವ ಕೆಲಸ. ದಿನಕ್ಕೆ ನಲವತ್ತು ಜನರಿಗೆ ಮಾಡುತ್ತೇನೆ.

ಹನಿ ಬಾಟಲಿಯ ಮುಚ್ಚಳ ತೆರೆದ ದಿನವನ್ನು ಅದರ ಲೇಬಲ್ಲಿನ ಮೇಲೆ ಬರೆಯಬೇಕು. ಇಪ್ಪತ್ತೆಂಟನೇ ದಿನ, ಅರ್ಧ ತುಂಬಿದ್ದರೂ ಎಸೆಯಬೇಕು. ಮರುವಾರ ಎಸೆಯಲು ಬಂದ ಬಾಟಲಿಗಳಲ್ಲಿ ಒಂದನ್ನು ಕಸದ ಡಬ್ಬಿಗೆ ಹಾಕದೆ ಬ್ಯಾಗಿಗೆ ಹಾಕಿಕೊಂಡೆ. ಹನ್ನೊಂದು ವರ್ಷದಲ್ಲಿ ಆಸ್ಪತ್ರೆಯ ಒಂದು ಹತ್ತಿಯುಂಡೆಯನ್ನೂ ಮನೆಗೆ ತಂದವಳಲ್ಲ ನಾನು.

ಮುಂದಿನ ಭಾನುವಾರ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಎರಡೂ ಕಣ್ಣಿಗೆ ಬಿಟ್ಟುಕೊಂಡೆ. ನನ್ನ ಕಣ್ಣಿಗೆ ಅದೇ ಮೊದಲು. ಸರಿಯಾಗಿ ಉರಿಯಿತು. ಏನೂ ಉರಿಯುವುದಿಲ್ಲ ಎಂದು ಇಷ್ಟು ವರ್ಷ ಎಷ್ಟು ಸಾವಿರ ಜನರಿಗೆ ಹೇಳಿದ್ದೇನೋ. ಅರ್ಧ ಗಂಟೆ ಬಿಟ್ಟು ಹೊರಗೆ ಬಂದೆ. ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಹಾಲಿನ ಬಾಟಲಿ ಹಿಡಿದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ.

ಇವರು ಎದುರಿಗೆ ಕೂತು ಬೂಟು ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಿದರು.

"ಏ, ನೋಡೇ. ನಿನ್ನನ್ನೇ ನೋಡ್ತಾ ಇದ್ದಾಳೆ."

"ಹೂಂ" ಎಂದೆ.

"ಕಣ್ಣು ಮಿಟುಕಿಸ್ತಾನೂ ಇಲ್ಲ. ಅಬ್ಬಾ, ಹಾಲು ಕುಡಿಯೋದನ್ನೂ ಮರೆತಳು. ಅಮ್ಮಾ, ಬಾ ಇಲ್ಲಿ, ಇವಳು ನೋಡೋದನ್ನ ನೋಡು!"

ನಾನು ಬಗ್ಗಿ ನೋಡಿದೆ. ತೊಡೆಯ ಮೇಲೆ ಒಂದು ಬೆಳ್ಳಗಿನ ಗುಂಡು ಆಕಾರ ಇತ್ತು. ಅದರಲ್ಲಿ ಒರೆಸಿಹೋದ ಹಾಗೆ ಎರಡು ಕಪ್ಪು ಕಲೆ. ಕಣ್ಣಿಲ್ಲ, ಬಾಯಿಲ್ಲ. ಇನ್ನಷ್ಟು ಹತ್ತಿರ ಬಗ್ಗಿದೆ. ಇನ್ನಷ್ಟು ಕಲಸಿಹೋಯಿತು.

ಹತ್ತಿರದ್ದು ಮಬ್ಬಾಗಿ ಕಾಣುತ್ತೆ ಎಂದು ದಿನಕ್ಕೆ ನಲವತ್ತು ಸಲ ಹೇಳುವವಳು ನಾನು. ಬಾಟಲಿ ಕದ್ದು ತಂದೆ, ವಾರವಿಡೀ ಕಾದೆ, ಒಂದೇ ಒಂದು ಸಲವೂ ಆ ಮಾತು ನನಗೆ ನೆನಪಾಗಿರಲಿಲ್ಲ. ಅದನ್ನು ಹೇಳಬೇಕಾದದ್ದು ಬೆಂಚಿನ ಮೇಲೆ ಕೂತವರಿಗೆ ಎಂದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

"ನಗ್ತಾ ಇದ್ದಾಳಾ?" ಎಂದು ಕೇಳಿದೆ.

"ಯಾಕೆ, ನಿಂಗೆ ಕಾಣ್ಸಲ್ವಾ?"

"ಕಾಣ್ಸುತ್ತೆ. ಸುಮ್ನೆ ಕೇಳ್ದೆ."

ಅಂದಿನಿಂದ ದಿನವೂ ಹಾಕಿಕೊಂಡೆ. ಸಂಜೆ ಆಸ್ಪತ್ರೆಯಿಂದ ಬಂದು ಕೈಕಾಲು ತೊಳೆದು, ಒಂದೊಂದು ಹನಿ, ಮೂಗಿನ ಪಕ್ಕ ಒಂದು ನಿಮಿಷ ಒತ್ತುವುದು, ಆಮೇಲೆ ಮಗು. ಮನೆಯ ಗಾಳಿಯೇ ಬದಲಾಯಿತು. ಇವರು ಕೆಲಸದಿಂದ ಬೇಗ ಬಂದು ನಮ್ಮಿಬ್ಬರ ಎದುರು ಕೂರತೊಡಗಿದರು. "ಈಗ ಹುಬ್ಬು ಎತ್ತಿದಳು. ಈಗ ನಾಲಿಗೆ ಹೊರಗೆ ಹಾಕಿದಳು" ಎಂದು ಅವರು ನನಗೆ ಆಟದ ಕಾಮೆಂಟರಿ ಕೊಡುತ್ತಿದ್ದರು. ನನ್ನ ಮಗು ನನ್ನನ್ನು ಹೇಗೆ ನೋಡುತ್ತದೆ ಎಂಬುದು ನನಗೆ ಗೊತ್ತಾದದ್ದು ಹೀಗೆ, ಇನ್ನೊಬ್ಬರ ಬಾಯಿಂದ. ಅದು ನೋಡುವ ಹೊತ್ತಿಗೆ ನನಗೆ ಕಾಣುತ್ತಿರಲಿಲ್ಲ. ನನಗೆ ಕಾಣುವ ಹೊತ್ತಿಗೆ ಅದು ಪರದೆ ನೋಡುತ್ತಿತ್ತು. ಬಿಟ್ಟುಬಿಡಬೇಕು ಎಂದು ಒಂದೆರಡು ಸಲ ಅಂದುಕೊಂಡೆ. ಬಿಟ್ಟರೆ ಇವರು ಮತ್ತೆ ಬೂಟು ಒರೆಸುತ್ತ ಕೂರುತ್ತಾರೆ ಎಂದು ಬಿಡಲಿಲ್ಲ.

ಎರಡು ವಾರ ಹೀಗೆ ನಡೆಯಿತು. ಮೂರನೇ ವಾರದ ಶನಿವಾರ ನನಗೆ ಅರ್ಧ ದಿನ ಕೆಲಸ. ಮನೆಗೆ ಬಂದ ಕೂಡಲೇ ಹನಿ ಹಾಕಿಕೊಂಡಿದ್ದೆ. ಅತ್ತೆ ಅಡುಗೆಮನೆಯಿಂದಲೇ ಕೂಗಿದರು:

"ಅವಳ ಉಗುರು ಕತ್ತರಿಸೇ. ಮುಖ ಎಲ್ಲ ಪರಚ್ಕೊಂಡಿದ್ದಾಳೆ."

ಆಮೇಲೆ ಮಾಡುತ್ತೇನೆ ಎನ್ನಬಹುದಿತ್ತು. ಯಾಕೆ ಎಂದು ಕೇಳುತ್ತಾರೆ. ಸಣ್ಣ ಕತ್ತರಿ ತೆಗೆದುಕೊಂಡು ಕೂತೆ. ಮುಷ್ಟಿ ಬಿಡಿಸಿ, ಒಂದೊಂದೇ ಬೆರಳು ಹಿಡಿದು, ಉಗುರಿನ ಅಂಚನ್ನು ನನ್ನ ಹೆಬ್ಬೆರಳಿನಿಂದ ಸವರಿ ಅಂದಾಜು ಮಾಡಿ ಕತ್ತರಿಸತೊಡಗಿದೆ. ಮೂರು ಬೆರಳು ಸರಿಯಾಯಿತು. ನಾಲ್ಕನೆಯದಕ್ಕೆ ಕತ್ತರಿ ಮೆತ್ತಗಿನದನ್ನು ಕಚ್ಚಿತು. ಒಂದು ಕ್ಷಣ ಏನೂ ಸದ್ದಿಲ್ಲ. ಆಮೇಲೆ ಮಗು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯ ಬಾಗಿಲು ತೆರೆಯಿತು.

ಕೈಗೆ ಬಿಸಿಯಾಗಿ ತಗುಲಿತು. ರಕ್ತವಿರಬೇಕು ಎಂದುಕೊಂಡೆ. ನೋಡಿದೆ, ಕಾಣಲಿಲ್ಲ.

ಅತ್ತೆ ಓಡಿಬಂದರು. ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಏನೇ ಇದು, ತುದೀನೇ ಕತ್ತರಿಸಿದ್ದೀಯಲ್ಲೇ! ಕಣ್ಣು ಕಾಣಲ್ವೇನೇ ನಿಂಗೆ?"

"ಇಲ್ಲ ಅತ್ತೆ" ಎಂದೆ.

ಅವರು ಮಗುವಿನ ಬೆರಳು ತೊಳೆದು, ಹತ್ತಿ ಇಟ್ಟು ಒತ್ತಿಹಿಡಿದು, ಮಗುವನ್ನು ಹೆಗಲಿಗೆ ಹಾಕಿಕೊಂಡು ಮನೆಯ ಉದ್ದಕ್ಕೂ ಓಡಾಡಿದರು. ಗಾಯ ದೊಡ್ಡದಾಗಿರಲಿಲ್ಲ. ಅಳು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ನಿದ್ದೆಯಾಯಿತು. ಮಲಗಿಸಿ ಬಂದು ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

"ಪೊರೆ ತೆಗೆಸಿದಾಗ ನನ್ನನ್ನೂ ನಿಮ್ಮ ಬೆಂಚಿನ ಮೇಲೆ ಕೂರಿಸಿದ್ದೆ. ಅವತ್ತು ಕನ್ನಡೀಲಿ ನನ್ನ ಕಣ್ಣು ಹೀಗೇ ಇತ್ತು. ಮೂವತ್ತು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕೆಲಸ ಮಾಡಿದೋಳು ನಾನು. ನೀನು ಕಣ್ಣಿಗೆ ಏನು ಬಿಟ್ಕೊಂಡಿದ್ದೀಯ, ಹೇಳು."

ಹೇಳಿದೆ. ಹೆರಿಗೆಯ ದಿನ ಗಂಟೆ ಕೇಳಿದ್ದು, ಆಮೇಲೆ ಇವತ್ತಿನವರೆಗೂ ಏನೂ ಅನ್ನಿಸದಿದ್ದದ್ದು, ಪರದೆ, ಡಾಕ್ಟರ ಮಾತು, ನಾಲ್ಕು ಮಿಲಿಮೀಟರ್, ಐದು ಮಿಲಿಮೀಟರ್, ಬಾಟಲಿ. ಅಳಲಿಲ್ಲ. ಬೆಂಚಿನ ಮೇಲಿನವರ ಚೀಟಿ ಓದುವ ಹಾಗೆ ಮೇಲಿಂದ ಕೆಳಗಿನವರೆಗೆ ಓದಿದೆ. ಅತ್ತೆಯ ಮುಖ ಹೇಗಾಯಿತೋ ಗೊತ್ತಿಲ್ಲ, ಅದೂ ಮಬ್ಬಾಗಿತ್ತು.

"ಎಲ್ಲಿ ಆ ಬಾಟಲಿ?"

ಬಚ್ಚಲುಮನೆಯ ಗೂಡಿನಲ್ಲಿದೆ ಎಂದೆ. ಅವರು ಹೋಗಿ ತಂದು, ಇದ್ದದ್ದನ್ನೆಲ್ಲ ಸಿಂಕಿಗೆ ಸುರಿದು ನಲ್ಲಿ ಬಿಟ್ಟ ಸದ್ದು ಕೇಳಿತು. ಬಂದು ನನ್ನ ಪಕ್ಕ ಕೂತರು.

"ಬಸ್ಸಲ್ಲಿ ಟಿಕೆಟ್ ತಗೊಳ್ದೇ ಇರೋರನ್ನ ಹೇಗೆ ಹಿಡೀತಿದ್ದೆ ಗೊತ್ತಾ?"

ಈಗ ಬಸ್ಸಿನ ಕತೆ ಯಾಕೆ ಎಂದುಕೊಂಡೆ. ಅವರಿಗೆ ಎಲ್ಲದಕ್ಕೂ ಒಂದು ಬಸ್ಸಿನ ಕತೆ ಇರುತ್ತದೆ.

"ನಾನು ಎದುರಿಗೆ ಹೋಗಿ ನಿಂತಾಗ ಅವರು ಕಿಟಕಿ ಕಡೆ ನೋಡ್ತಾರೆ. ನಾನು ದಾಟಿ ಮುಂದೆ ಹೋದೆ ಅಂದ್ರೆ ನನ್ನ ಬೆನ್ನನ್ನೇ ನೋಡ್ತಾರೆ. ಇಡೀ ಬಸ್ಸಲ್ಲಿ ನನ್ನನ್ನ ಅಷ್ಟು ನೋಡೋರು ಬೇರೆ ಯಾರೂ ಇಲ್ಲ. ಟಿಕೆಟ್ ತಗೊಂಡೋನಿಗೆ ನಾನ್ಯಾಕೆ ಬೇಕು?"

"ಅದಕ್ಕೆ?"

"ನಿನ್ನ ಮಗಳು ನಿನ್ನನ್ನ ನೋಡೋದು ಹಾಗೆ. ಮೂರು ತಿಂಗಳಿಂದ ನೋಡ್ತಾ ಇದ್ದೀನಿ. ನೀನು ಎದುರಿಗಿದ್ರೆ ಪರದೆ. ನೀನು ಎದ್ದು ಆ ಕಡೆ ತಿರುಗಿದ ಕೂಡಲೇ ನಿನ್ನ ಬೆನ್ನು. ಬೆಳಗ್ಗೆ ನೀನು ಹೋದ ಮೇಲೆ ಬಾಗಿಲು ನೋಡ್ತಾ ಇರ್ತಾಳೆ. ನಾನು ಎಷ್ಟು ಬಡ್ಕೊಂಡ್ರೂ ಈ ಕಡೆ ತಿರುಗಲ್ಲ."

"ನನಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನಿಂಗೆ ಗೊತ್ತಿದೆ ಅಂದ್ಕೊ‌ಂಡೆ ಕಣೇ." ಅವರ ದನಿ ಇಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ನನ್ನದೂ ತಪ್ಪಿದೆ. ಸೋಮವಾರ ನಿಮ್ಮ ಆಸ್ಪತ್ರೆಗೆ ರಜ ಹೇಳು. ಇಬ್ಬರೂ ಡಾಕ್ಟ್ರ ಹತ್ರ ಹೋಗೋಣ. ಕಣ್ಣಿನ ಡಾಕ್ಟ್ರಲ್ಲ."

ಇವರಿಗೆ ಅಂದು ಸಂಜೆ ಅತ್ತೆಯೇ ಹೇಳಿದರು. ಇವರು ತುಂಬ ಹೊತ್ತು ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾನು ಎದುರಿಗೇ ಕೂತಿದ್ನಲ್ಲೇ" ಎಂದರು, ಅಷ್ಟೇ. ಅಂದಿನಿಂದ ಬೆಳಗಿನ ಹಾಲಿನ ಬಾಟಲಿ ಅವರ ಪಾಲಿಗೆ ಹೋಯಿತು.

ಸೋಮವಾರ ನಾವು ನೋಡಿದ ಮನಸ್ಸಿನ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಇಪ್ಪತ್ತು ಪ್ರಶ್ನೆ ಕೇಳಿದರು, ಎಲ್ಲಕ್ಕೂ ಉತ್ತರ ಹೇಳಿದೆ. ಇದು ಬಹಳ ಜನರಿಗೆ ಆಗುತ್ತದೆ, ಇದಕ್ಕೊಂದು ಹೆಸರೂ ಇದೆ ಎಂದರು. ಮಾತ್ರೆ ಬರೆದುಕೊಟ್ಟು, ಮೂರು ನಾಲ್ಕು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಏನೂ ಅನ್ನಿಸದಿದ್ದರೆ ಗಾಬರಿಯಾಗಬೇಡ ಎಂದರು. ಗಾಬರಿಯಾಗಲಿಲ್ಲ. ಗಾಬರಿಯಾಗುವಂತಿದ್ದರೆ ಅವರ ಹತ್ತಿರ ಯಾಕೆ ಹೋಗುತ್ತಿದ್ದೆ?

ಹನಿ ನಿಲ್ಲಿಸಿದ ಮೇಲೆ ಮಗು ಮತ್ತೆ ಪರದೆಗೆ ಹೋಯಿತು. ಈಗ ನನಗೆ ಅದರ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕಕ್ಕೆ ತಿರುಗಿದ ಕೆನ್ನೆ, ಕಿವಿಯ ಹಿಂದೆ ಒಂದು ಮಚ್ಚೆ, ಹತ್ತಿ ಸುತ್ತಿದ ಬೆರಳು. ಅತ್ತೆ ಹೇಳಿದ್ದು ನಿಜವೋ ಎಂದು ನೋಡಲು ಮಾತ್ರ ಹೋಗಲಿಲ್ಲ. ಬೆನ್ನು ತಿರುಗಿಸಿ ನಿಂತವಳು ಬೆನ್ನ ಹಿಂದಿನದನ್ನು ನೋಡುವುದಾದರೂ ಹೇಗೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ. ಅತ್ತೆ ನನ್ನ ಸಮಾಧಾನಕ್ಕೆ ಹೇಳಿದ್ದಾದರೆ? ಎಷ್ಟೋ ತಿಂಗಳ ಮೇಲೆ ನನಗೆ ಅನ್ನಿಸಿದ್ದು ಅದೊಂದು. ಅದನ್ನು ಯಾರಿಗೂ ಹೇಳಲಿಲ್ಲ.

ಒಂಬತ್ತನೇ ದಿನ ಬೆಳಗ್ಗೆ ಕೆಲಸಕ್ಕೆ ಹೊರಡುವ ಹೊತ್ತು. ನಮ್ಮ ಕೋಣೆಯಲ್ಲಿ ಕಪಾಟಿನ ಬಾಗಿಲಿಗೇ ಕನ್ನಡಿಯಿದೆ. ಮಗುವನ್ನು ಹಿಂದೆ ಚಾಪೆಯ ಮೇಲೆ ಮಲಗಿಸಿ ತಲೆ ಬಾಚಿಕೊಳ್ಳುತ್ತಿದ್ದೆ. ಕಪಾಟಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ತಾನಾಗಿ ಸ್ವಲ್ಪ ತೆರೆದುಕೊಂಡು, ಕನ್ನಡಿ ಓರೆಯಾಗಿ, ನನ್ನ ಹೆಗಲ ಪಕ್ಕದಲ್ಲಿ ಚಾಪೆ ಕಾಣಿಸಿತು.

ಮಗು ಮಗ್ಗುಲಾಗಿ ಮಲಗಿತ್ತು. ಮುಷ್ಟಿ ಬಾಯಲ್ಲಿತ್ತು, ಆದರೆ ಚೀಪುವುದನ್ನು ನಿಲ್ಲಿಸಿತ್ತು. ಫ್ಯಾನ್ ತಿರುಗುತ್ತಿತ್ತು, ಅದನ್ನು ನೋಡುತ್ತಿರಲಿಲ್ಲ. ಪರದೆ ಗಾಳಿಗೆ ಅಲ್ಲಾಡುತ್ತಿತ್ತು, ಅದನ್ನೂ ನೋಡುತ್ತಿರಲಿಲ್ಲ. ನನ್ನ ಬೆನ್ನನ್ನು ನೋಡುತ್ತಿತ್ತು. ನಾನು ಬಾಚಣಿಗೆಯನ್ನು ಮೇಲೆತ್ತಿದೆ. ಕಣ್ಣು ಬಾಚಣಿಗೆಯ ಜೊತೆ ಮೇಲೆ ಹೋಯಿತು. ಕೆಳಗಿಳಿಸಿದೆ. ಕೆಳಗೆ ಬಂತು. ಅಷ್ಟು ದೂರದಿಂದ ಪಾಪೆ ಅಳೆಯಲು ನನಗೂ ಆಗುವುದಿಲ್ಲ. ಆದರೆ ಅವಳು ನೋಡುತ್ತಿದ್ದಳು. ಅವಳು ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ಕನ್ನಡಿಯಲ್ಲಿ ನನ್ನ ಕಣ್ಣು ಕಾಣಿಸಿತು. ಅಭ್ಯಾಸಬಲ, ಅಳೆದೆ. ಐದು.

ಬಿಸಿಲು ಕಡಿಮೆಯಾಯಿತೇನೋ ಎಂದು ಕಿಟಕಿಯ ಕಡೆ ಕಣ್ಣು ಹಾಯಿಸಿದೆ. ಬಿಸಿಲು ಇದ್ದ ಹಾಗೇ ಇತ್ತು. ಮತ್ತೆ ನೋಡಿಕೊಂಡೆ. ಐದೇ. ಹನಿ ನಿಲ್ಲಿಸಿ ಒಂಬತ್ತು ದಿನವಾಗಿತ್ತು, ಆ ಹನಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಎದೆಯೊಳಗೆ ಹುಡುಕಿದೆ. ಅಲ್ಲಿ ಇನ್ನೂ ಏನೂ ಇರಲಿಲ್ಲ, ಅದೇ ಮರಗಟ್ಟಿದ ತುಟಿ. ಕಣ್ಣಿಗೆ ಮಾತ್ರ ಯಾರೋ ಮೊದಲೇ ಹೇಳಿಬಿಟ್ಟ ಹಾಗಿತ್ತು.

ತಿರುಗಬೇಕು ಎನ್ನಿಸಿತು. ತಿರುಗಿದರೆ ಅವಳು ಪರದೆ ನೋಡುತ್ತಾಳೆ. ಅಲ್ಲಾಡದೆ ನಿಂತು ಜಡೆಯನ್ನು ಕೊನೆಯವರೆಗೂ ಹೆಣೆದೆ. ಕೊನೆಯಲ್ಲಿ ಗಂಟು ಹಾಕುವ ಬದಲು ಬೆರಳು ಹಾಕಿ ಪೂರ್ತಿ ಬಿಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿದೆ. ಆದಷ್ಟು ನಿಧಾನವಾಗಿ ಹೆಣೆದೆ.

"ಬಸ್ ತಪ್ಪುತ್ತೆ ಕಣೇ!" ಅತ್ತೆ ಅಡುಗೆಮನೆಯಿಂದ ಬೀದಿಗೆಲ್ಲ ಕೇಳುವಂತೆ ಕೂಗಿದರು.

"ತಪ್ಪಲಿ ಬಿಡಿ" ಎಂದೆ.

ಎರಡನೇ ಸಲ ಜಡೆ ಬಿಚ್ಚಿದೆ.